ಚೊಗರಿನ ಎದುರು ನೀಲಿ

ಸಾಗರ ತಾಲ್ಲೂಕಿನ ಹೆಗ್ಗೋಡು ಕಡೆಯ ಒಂದು ಮನೆಯ ಅಂಗಳ. ದೀಪಾವಳಿ ಕಳೆದಿದೆ, ಕೊನೆಕೊಯ್ಲು ಶುರುವಾಗಿದೆ. ಒಲೆಯ ಮೇಲಿನ ಹಂಡೆಯಲ್ಲಿ ಸುಲಿದ ಅಡಿಕೆ ಬೇಯುತ್ತಿದೆ. ಜಗುಲಿಯಲ್ಲಿ ಕೂತ ಚಿಕ್ಕಮ್ಮ ಇಪ್ಪತ್ತು ವರ್ಷ ಕೈಮಗ್ಗದ ನೂಲಿಗೆ ಬಣ್ಣ ಹಾಕಿದವಳು. ಪಕ್ಕದಲ್ಲಿ ಅವಳ ಅಕ್ಕನ ಮಗಳು, ಬೆಂಗಳೂರಿನಲ್ಲಿ ವಿನ್ಯಾಸ ಕಲಿಯುತ್ತಿರುವವಳು. ಅವಳ ತೊಡೆಯ ಮೇಲಿನ ಲ್ಯಾಪ್‌ಟಾಪಿನಲ್ಲಿ ಬಣ್ಣದ ಚಕ್ರವೊಂದು ತೆರೆದುಕೊಂಡಿದೆ.

ಮಗಳು: ಚಿಕ್ಕಮ್ಮ, ಇಲ್ಲಿ ನೋಡು. ಸೀರೆಗಳಿಗೆ ಐದು ಬಣ್ಣ ಆರಿಸಬೇಕು. ಐದನ್ನೂ ಒಟ್ಟಿಗೆ ಇಟ್ಟರೆ ಒಂದೇ ಮನೆಯವು ಅನ್ನಿಸಬೇಕು. ಈ ಚಕ್ರದಲ್ಲಿ ಒಂದು ಬಣ್ಣ ಮುಟ್ಟಿದರೆ ಉಳಿದ ನಾಲ್ಕನ್ನು ಅದೇ ಹುಡುಕಿ ಕೊಡುತ್ತದೆ.

ಚಿಕ್ಕಮ್ಮ: ಯಾವುದಕ್ಕೆ ಯಾವುದು ಹೊಂದುತ್ತದೆ ಅಂತ ಅದಕ್ಕೆ ಹೇಗೆ ಗೊತ್ತು?

ಮಗಳು: ಕೋನದ ಲೆಕ್ಕ. ಒಂದು ಸುತ್ತಿಗೆ 360 ಡಿಗ್ರಿ. ಸೊನ್ನೆಯಲ್ಲಿ ಕೆಂಪು, 60ರಲ್ಲಿ ಹಳದಿ, 120ರಲ್ಲಿ ಹಸಿರು, 240ರಲ್ಲಿ ನೀಲಿ. ಅಕ್ಕಪಕ್ಕದ ಬಣ್ಣಗಳನ್ನು ತೆಗೆದುಕೊಂಡರೆ ಶಾಂತವಾದ ಹೊಂದಿಕೆ. ನೇರ ಎದುರಿನದನ್ನು ತೆಗೆದುಕೊಂಡರೆ ಒಂದು ಇನ್ನೊಂದನ್ನು ಎತ್ತಿ ತೋರಿಸುತ್ತದೆ. ಎದುರಿನದನ್ನು ಬಿಟ್ಟು ಅದರ ಎಡಬಲದ ಎರಡನ್ನು ಹಿಡಿದರೆ ಸ್ವಲ್ಪ ಮೆತ್ತಗಿನ ಎದುರಾಟ. ಮೂರು ಸಮಪಾಲು ಮಾಡಿ, 120 ಡಿಗ್ರಿಗೊಂದರಂತೆ ತೆಗೆದರೆ ತ್ರಿಕೋನ.

ಚಿಕ್ಕಮ್ಮ: ಕಾಮನಬಿಲ್ಲು ಒಂದು ತುದಿಯಲ್ಲಿ ಕೆಂಪಿನಿಂದ ಶುರುವಾಗಿ ಇನ್ನೊಂದು ತುದಿಯಲ್ಲಿ ನೇರಳೆಗೆ ಮುಗಿಯುತ್ತದೆ. ಅದನ್ನು ಬಗ್ಗಿಸಿ ಬಳೆ ಮಾಡಿದವರು ಯಾರು?

ಮಗಳು: ನ್ಯೂಟನ್. 1704ರಲ್ಲಿ ಬಂದ 'ಆಪ್ಟಿಕ್ಸ್' ಪುಸ್ತಕದಲ್ಲಿ ಏಳು ಬಣ್ಣಗಳನ್ನು ವೃತ್ತದಲ್ಲಿ ಕೂರಿಸಿದ. ನೇರಳೆಯ ತುದಿಯನ್ನೂ ಕೆಂಪಿನ ತುದಿಯನ್ನೂ ಕೂಡಿಸಿದ ಜಾಗದಲ್ಲಿ ಬರುವ ಮಜೆಂಟಾ ಕಾಮನಬಿಲ್ಲಿನಲ್ಲಿ ಇಲ್ಲವೇ ಇಲ್ಲ. ನಮ್ಮ ಕಣ್ಣು ಎರಡನ್ನೂ ಒಟ್ಟಿಗೆ ಕಂಡಾಗ ಹುಟ್ಟುವ ಬಣ್ಣ ಅದು.

ಚಿಕ್ಕಮ್ಮ: ಹಾಗಾದರೆ ಆ ಚಕ್ರ ಇರುವುದು ನಮ್ಮ ಕಣ್ಣಲ್ಲಿ. ಸರಿ, ನಮ್ಮ ಬಾನಿಯಲ್ಲಿ ಹಳದಿ ನೂಲನ್ನು ನೀಲಿಗೆ ಅದ್ದಿದರೆ ಹಸಿರು ಬರುತ್ತದೆ. ನಿನ್ನ ಚಕ್ರದಲ್ಲಿ ಹಳದಿಯೂ ನೀಲಿಯೂ ಎದುರುಬದುರು ಕೂತಿವೆ. ಅಲ್ಲಿ ಕೂಡಿಸಿದರೆ ಏನು ಬರುತ್ತದೆ?

ಮಗಳು: ಬಿಳಿ. ಇದು ಬೆಳಕಿನ ಚಕ್ರ. ಪರದೆಯ ಮೇಲೆ ಬೆಳಕಿಗೆ ಬೆಳಕು ಸೇರಿದರೆ ಬೆಳಕು ಹೆಚ್ಚುತ್ತದೆ. ಬಾನಿಯಲ್ಲಿ ನಡೆಯುವುದು ಬೇರೆ ಕೆಲಸ. ಅಲ್ಲಿ ಪ್ರತಿ ಬಣ್ಣವೂ ಬೆಳಕಿನ ಒಂದೊಂದು ಪಾಲನ್ನು ನುಂಗುತ್ತದೆ, ನುಂಗದೆ ಬಿಟ್ಟದ್ದು ನಮಗೆ ಕಾಣುತ್ತದೆ. ಚಿತ್ರ ಬರೆಯುವವರ ಚಕ್ರ ಅದಕ್ಕೇ ಬೇರೆ. ಜರ್ಮನಿಯ ಬೌಹೌಸ್ ಶಾಲೆಯಲ್ಲಿ ಕಲಿಸುತ್ತಿದ್ದ ಯೊಹಾನೆಸ್ ಇಟ್ಟನ್ ಮಾಡಿದ ಹನ್ನೆರಡು ಮನೆಯ ಚಕ್ರದಲ್ಲಿ ಕೆಂಪಿನ ಎದುರು ಹಸಿರು, ಹಳದಿಯ ಎದುರು ನೇರಳೆ.

ಚಿಕ್ಕಮ್ಮ: ಎರಡು ಚಕ್ರ ಇವೆ ಅಂತ ಮೊದಲೇ ತಿಳಿದಿರುವುದು ಒಳ್ಳೆಯದು. ಈಗ ಒಂದು ಕೆಲಸ ಮಾಡು. ಆ ಹಂಡೆಯಲ್ಲಿ ಕುದಿಯುತ್ತಿದೆಯಲ್ಲ, ಆ ಬಣ್ಣ ನಿನ್ನ ಚಕ್ರದಲ್ಲಿ ಎಲ್ಲಿದೆ ತೋರಿಸು.

ಮಗಳು: ಚೊಗರಿನ ಬಣ್ಣವಾ? ಕಂದು... ಚಕ್ರದ ಅಂಚಿನಲ್ಲಿ ಕಂದು ಇಲ್ಲ.

ಚಿಕ್ಕಮ್ಮ: ನಮ್ಮ ಮೂರೂ ತಾಲ್ಲೂಕಿನ ಮುಖ್ಯ ಬಣ್ಣವೇ ಇಲ್ಲ ಅಂದ ಹಾಗಾಯಿತು. ಸಾಗರದಲ್ಲೂ ಹೊಸನಗರದಲ್ಲೂ ತೀರ್ಥಹಳ್ಳಿಯಲ್ಲೂ ಈ ತಿಂಗಳು ಯಾವ ಅಂಗಳಕ್ಕೆ ಹೋದರೂ ಒಣಗುತ್ತಿರುವುದು ಅದೇ ಬಣ್ಣ. ಮಂಡಿಯವರು ಹಸ, ಬೆಟ್ಟೆ, ರಾಶಿ, ಗೊರಬಲು ಅಂತ ಬೇರ್ಪಡಿಸುವಾಗ ಬಣ್ಣವನ್ನೂ ನೋಡುತ್ತಾರೆ. ನಮಗೆ ಕಂದು ಒಂದು ಬಣ್ಣವಲ್ಲ, ಒಂದು ಗುಂಪು.

ಮಗಳು: ಇಲ್ಲ ಅಂತಲ್ಲ, ತಡಿ. ಕಂದು ಅಂದರೆ ಬೆಳಕು ತಗ್ಗಿದ ಕಿತ್ತಳೆ. ಈ ಕಿತ್ತಳೆಯ ಮೇಲೆ ಇಟ್ಟು, ಬೆಳಕಿನ ಗೆರೆಯನ್ನು ಕೆಳಗೆ ಎಳೆಯುತ್ತೇನೆ. ನೋಡು.

ಚಿಕ್ಕಮ್ಮ: ಹಾಂ, ಬಂತು. ಇನ್ನೂ ಸ್ವಲ್ಪ ಕೆಂಪಿನ ಕಡೆಗೆ ಸರಿಸು. ಅಷ್ಟೇ. ಇದು ಚೊಗರು.

ಮಗಳು: ಸುಮಾರು 20 ಡಿಗ್ರಿ. ಅಂಚಿನ ಸುತ್ತು ಚಕ್ರದ ಒಂದು ಅಳತೆ ಮಾತ್ರ. ಪ್ರತಿ ಬಣ್ಣಕ್ಕೆ ಮೂರು ಅಳತೆ. ಸುತ್ತಿನಲ್ಲಿ ಎಲ್ಲಿ ನಿಂತಿದೆ ಅನ್ನುವುದು ವರ್ಣ. ಎಷ್ಟು ತೀಕ್ಷ್ಣ ಅನ್ನುವುದು ಕಡುಪು. ಎಷ್ಟು ತಿಳಿ, ಎಷ್ಟು ಕಪ್ಪು ಅನ್ನುವುದು ಬೆಳಕು. 1905ರಲ್ಲೇ ಅಮೆರಿಕದ ಚಿತ್ರಕಲೆಯ ಮೇಷ್ಟ್ರು ಆಲ್ಬರ್ಟ್ ಮನ್ಸೆಲ್ ಹೀಗೆ ಮೂರು ಅಳತೆಯಲ್ಲಿ ಬಣ್ಣಕ್ಕೆ ವಿಳಾಸ ಬರೆಯುವ ಪದ್ಧತಿ ಪ್ರಕಟಿಸಿದರು.

ಚಿಕ್ಕಮ್ಮ: ಈ ಮೂರನ್ನೂ ನಾನು ಕೈಯಲ್ಲಿ ಮಾಡಿದ್ದೇನೆ. ಬೇಯಿಸಿದ ನೀರಲ್ಲೇ ಮತ್ತೆ ಮತ್ತೆ ಅಡಿಕೆ ಬೇಯಿಸಿ ದಪ್ಪವಾದ ರಸವೇ ಚೊಗರು. ಅಡಿಕೆಗೆ ಬಣ್ಣ, ಹೊಳಪು ಬರಲಿ ಅಂತ ಮುಂದಿನ ವರ್ಷಕ್ಕೂ ಎತ್ತಿಡುತ್ತೇವೆ. ಅದೇ ಚೊಗರನ್ನು ಭೀಮನಕೋಣೆಯ ಚರಕದಲ್ಲಿ ಹೆಂಗಸರು ನೂಲಿಗೆ ಕಟ್ಟಿದರು. ರಂಗಕರ್ಮಿ ಪ್ರಸನ್ನ ಅವರ ಮುಂದಾಳ್ತನದಲ್ಲಿ ಶುರುವಾದ ಮಹಿಳಾ ಸಹಕಾರ ಸಂಘ ಅದು; ಅಲ್ಲಿಯ ಬಟ್ಟೆ 'ದೇಸಿ' ಅಂಗಡಿಗಳಲ್ಲಿ ಮಾರಾಟವಾಗುತ್ತದೆ. ಅಡಿಕೆ ತೋಟದ ಊರಿಗೆ ತನ್ನದೇ ಬಟ್ಟೆಯ ಬಣ್ಣ ಸಿಕ್ಕಿದ್ದು ಹೀಗೆ.

ಮಗಳು: ಮೂರು ಅಳತೆಯನ್ನು ಕೈಯಲ್ಲಿ ಮಾಡುವುದು ಅಂದರೆ?

ಚಿಕ್ಕಮ್ಮ: ಒಂದು ಲಡಿ ನೂಲನ್ನು ಪಟಿಕದ ನೀರಲ್ಲಿ ನೆನೆಸಿ ಚೊಗರಿಗೆ ಹಾಕಿದರೆ ಬಣ್ಣ ಬೆಚ್ಚಗೆ, ಸ್ಪಷ್ಟವಾಗಿ ಹಿಡಿಯುತ್ತದೆ. ಅದೇ ಲಡಿಯನ್ನು ಅನ್ನಭೇದಿಯ ನೀರಿಗೆ ತೋರಿಸಿದರೆ ಕಣ್ಣ ಮುಂದೆಯೇ ಬೂದಾಗುತ್ತದೆ, ಹೆಚ್ಚು ಹೊತ್ತು ಬಿಟ್ಟರೆ ಕಪ್ಪಿಗೆ ಹೋಗುತ್ತದೆ. ಅಡಿಕೆಯ ಒಗರೂ ಕಬ್ಬಿಣವೂ ಕೂಡಿದರೆ ಹಾಗೆಯೇ. ಹಿಂದೆ ಅಳಲೆಕಾಯಿಗೆ ಅನ್ನಭೇದಿ ಸೇರಿಸಿ ಶಾಯಿ ಮಾಡುತ್ತಿದ್ದದ್ದೂ ಇದೇ ಗುಣದಿಂದ. ಇನ್ನು ಸುಣ್ಣ. ಕವಳ ಹಾಕಿದವರ ಬಾಯಿ ಕೆಂಪಾಗುವುದು ಯಾಕೆ? ಅಡಿಕೆಗೆ ಸುಣ್ಣ ತಾಗಿ. ನೂಲಿನ ಮೇಲೂ ಅಷ್ಟೇ, ಸುಣ್ಣದ ತಿಳಿ ಸೋಕಿದರೆ ಕಂದು ಕೆಂಪಿನ ಕಡೆಗೆ ವಾಲುತ್ತದೆ.

ಮಗಳು: ಚಿಕ್ಕಮ್ಮ, ನೀನು ಹೇಳಿದ್ದು ಪೂರ್ತಿ ಈ ಮೂರು ಗೆರೆಗಳೇ! ಸುಣ್ಣ ವರ್ಣವನ್ನು ತಿರುಗಿಸುತ್ತದೆ. ಅನ್ನಭೇದಿ ಕಡುಪನ್ನೂ ಬೆಳಕನ್ನೂ ಇಳಿಸುತ್ತದೆ. ಎಷ್ಟು ಸಲ ಅದ್ದುತ್ತೀರಿ ಅನ್ನುವುದರಿಂದ ತಿಳಿ, ಗಾಢ.

ಚಿಕ್ಕಮ್ಮ: ಒಂದು ವ್ಯತ್ಯಾಸ ಇದೆ. ನೀನು ಬೆರಳಲ್ಲಿ ಎಳೆದರೆ ಗೆರೆ ಎಲ್ಲಿಗೆ ಬೇಕಾದರೂ ಹೋಗುತ್ತದೆ. ನನ್ನ ಲಡಿ ತನಗೆ ಸಾಧ್ಯವಾದಲ್ಲಿಗೆ ಮಾತ್ರ ಹೋಗುತ್ತದೆ. ಚೊಗರಿನಿಂದ ಗಿಳಿಹಸಿರು ತೆಗಿ ಅಂದರೆ ಆಗುವುದಿಲ್ಲ. ಆದರೆ ಆ ಮಿತಿಯೇ ನಮಗೆ ಉಪಕಾರ ಮಾಡಿದೆ. ಪಟಿಕದ ಕಂದು, ಸುಣ್ಣದ ಕೆಂಗಂದು, ಅನ್ನಭೇದಿಯ ಬೂದು, ಈ ಮೂರನ್ನೂ ಪಕ್ಕಪಕ್ಕ ತೂಗುಹಾಕಿದರೆ ಯಾವ ಚಕ್ರವನ್ನೂ ಕೇಳಬೇಕಾಗಿಲ್ಲ, ಹೊಂದಿಯೇ ಹೊಂದುತ್ತವೆ. ಒಂದೇ ಚೊಗರಿನ ಮಕ್ಕಳು ಅವು.

ಮಗಳು: ಒಂದೇ ಮನೆಯವು ಅನ್ನಿಸಬೇಕು ಅಂತ ನಾನು ಹುಡುಕುತ್ತಿದ್ದದ್ದೂ ಅದನ್ನೇ. ನಾನು ಐದು ಬಣ್ಣಗಳನ್ನು ಐದು ಕಡೆಯಿಂದ ತಂದು ಕೋನದ ಲೆಕ್ಕದಲ್ಲಿ ನಂಟು ಕಟ್ಟುತ್ತಿದ್ದೆ. ನಿಮ್ಮಲ್ಲಿ ನಂಟು ಮೊದಲೇ ಇರುತ್ತದೆ.

ಚಿಕ್ಕಮ್ಮ: ಹಾಗಂತ ಎಲ್ಲವೂ ಕಂದೇ ಆದರೆ ಕಣ್ಣಿಗೆ ದಣಿವಾಗುತ್ತದೆ. ನಾವೂ ಒಂದು ಎದುರಾಳಿಯನ್ನು ಹುಡುಕುತ್ತಿದ್ದೆವು. ಎಲ್ಲವನ್ನೂ ಇಟ್ಟು ನೋಡಿ ಕೊನೆಗೆ ಚೊಗರಿನ ಪಕ್ಕ ನೀಲಿಯೇ ಸರಿ ಅಂತ ಎಲ್ಲರ ಕಣ್ಣೂ ಒಪ್ಪಿತು. ಗಿಡದ ನೀಲಿ.

ಮಗಳು: ಚೊಗರು 20. ಅದರ ನೇರ ಎದುರು ಅಂದರೆ 180 ಕೂಡಿಸಬೇಕು. 200. ಅಲ್ಲಿಂದ ಸ್ವಲ್ಪ ಮುಂದಕ್ಕೆ, 215ರ ಸುತ್ತ, ಬೆಳಕು ತಗ್ಗಿಸಿದರೆ... ಇದು ಗಿಡದ ನೀಲಿಯೇ ಅಲ್ಲವಾ?

ಚಿಕ್ಕಮ್ಮ: ಅದೇ. ನಾಲ್ಕೈದು ಸಲ ಅದ್ದಿದ್ದು.

ಮಗಳು: ಹಾಗಾದರೆ ಲೆಕ್ಕವಿಲ್ಲದೆ ನೀವು ಆರಿಸಿದ್ದಕ್ಕೂ ಈ ಲೆಕ್ಕ ಹೇಳುವುದಕ್ಕೂ ಅಂತರ ಇಷ್ಟೇ! ನೀಲಿಯ ಪಕ್ಕದಲ್ಲಿ ಕಂದು ಇನ್ನಷ್ಟು ಬೆಚ್ಚಗೆ ಕಾಣುವುದು ಇದಕ್ಕೇ. ಒಂದರಲ್ಲಿ ಇಲ್ಲದ್ದನ್ನು ಇನ್ನೊಂದು ತುಂಬುತ್ತದೆ.

ಚಿಕ್ಕಮ್ಮ: ಇಷ್ಟಕ್ಕೇ ನಿಲ್ಲಿಸಬೇಡ. ಒಂದು ಪಾಠ ನಮಗೆ ಮಗ್ಗದಲ್ಲಿ ಸಿಕ್ಕಿತು. ಕಂದೂ ನೀಲಿಯೂ ಇಷ್ಟು ಚೆನ್ನಾಗಿ ಹೊಂದುತ್ತವೆಯಲ್ಲ ಅಂತ ಹಾಸಿಗೆ ಚೊಗರಿನ ನೂಲು, ಹೊಕ್ಕಿಗೆ ನೀಲಿ ನೂಲು ಹಾಕಿ ನೇಯ್ದರು. ಮಗ್ಗದಿಂದ ಇಳಿಸಿ ದೂರದಿಂದ ನೋಡಿದರೆ ಕಂದೂ ಇಲ್ಲ, ನೀಲಿಯೂ ಇಲ್ಲ. ಮಸುಕು ಬೂದು.

ಮಗಳು: ಎದುರಿನ ಬಣ್ಣಗಳು ಬೆರೆತರೆ ಒಂದನ್ನೊಂದು ಕಳೆಯುತ್ತವೆ. ಎಳೆ ಸಣ್ಣದಾದಷ್ಟೂ ಕಣ್ಣು ಅವನ್ನು ಬಿಡಿಸಿ ನೋಡಲಾರದೆ ಬೆರೆಸಿಬಿಡುತ್ತದೆ. ಅಗಲವಾದ ಪಟ್ಟಿಯಲ್ಲಿ ಅಕ್ಕಪಕ್ಕ ಇದ್ದರೆ ಎತ್ತಿ ತೋರಿಸುವ ಬಣ್ಣವೇ ಎಳೆಯಾಗಿ ಹಾಸುಹೊಕ್ಕಾದರೆ ಅಡಗಿಸುತ್ತದೆ.

ಚಿಕ್ಕಮ್ಮ: ಆಮೇಲೆ ನಾವು ಒಡಲು ಪೂರ್ತಿ ಚೊಗರು ಇಟ್ಟು, ಅಂಚು ಸೆರಗು ಮಾತ್ರ ನೀಲಿ ಮಾಡಿದೆವು. ಎರಡೂ ಎದ್ದುನಿಂತವು. ಚಕ್ರ ಯಾವ ಎರಡು ಅಂತ ಹೇಳಿತು. ಅವುಗಳ ನಡುವೆ ಗೆರೆ ಎಲ್ಲಿ ಎಳೆಯಬೇಕು ಅಂತ ಹೇಳುವುದು ಮಗ್ಗ.

ಮಗಳು: ಪಕ್ಕದ ಬಣ್ಣದಿಂದ ಆಗುವ ಇನ್ನೊಂದು ತೊಡಕು ಪ್ಯಾರಿಸ್ಸಿನಲ್ಲೂ ಬಂದಿತ್ತು. ಅಲ್ಲಿಯ ಗೋಬೆಲಿನ್ ನೇಯ್ಗೆ ಕಾರ್ಖಾನೆಯ ಬಣ್ಣದ ವಿಭಾಗಕ್ಕೆ 1824ರಲ್ಲಿ ಷೆವ್ರಲ್ ಅನ್ನುವ ರಸಾಯನ ವಿಜ್ಞಾನಿ ಮುಖ್ಯಸ್ಥರಾಗಿ ಬಂದರು. ಕಪ್ಪು ನೂಲಿಗೆ ಕಸುವಿಲ್ಲ ಅಂತ ದೂರು. ಪರೀಕ್ಷೆ ಮಾಡಿದರೆ ಬಣ್ಣದಲ್ಲಿ ಏನೂ ದೋಷವಿಲ್ಲ. ನೀಲಿ, ನೇರಳೆಗಳ ಪಕ್ಕ ಕೂತಾಗ ಮಾತ್ರ ಆ ಕಪ್ಪು ಸೋತಂತೆ ಕಾಣುತ್ತಿತ್ತು. ಪ್ರತಿ ಬಣ್ಣವೂ ನೆರೆಯವನ ಮೇಲೆ ತನ್ನ ಎದುರು ಬಣ್ಣದ ಛಾಯೆ ಬೀರುತ್ತದೆ ಅಂತ ಅವರು 1839ರಲ್ಲಿ ದೊಡ್ಡ ಪುಸ್ತಕವನ್ನೇ ಬರೆದರು.

ಚಿಕ್ಕಮ್ಮ: ಮಳೆಗಾಲದಲ್ಲಿ ನಮ್ಮ ಹೆಂಚಿನ ಮಾಡು ಯಾಕೆ ಅಷ್ಟು ಕೆಂಪು ಕಾಣುತ್ತದೆ ಅಂತ ಈಗ ಗೊತ್ತಾಯಿತು. ನೆನೆದ ಹೆಂಚಿನ ಬಣ್ಣ ಹೇಗೂ ಗಾಢ. ಅದರ ಜೊತೆಗೆ ಸುತ್ತಲಿನ ತೋಟ ತನ್ನ ಹಸಿರಿಂದ ಅದನ್ನು ಮತ್ತಷ್ಟು ಕೆಂಪು ಮಾಡುತ್ತದೆ. ಹೊಸನಗರದ ಅಜ್ಜಿಮನೆಗೆ ಏಪ್ರಿಲ್ ತಿಂಗಳಲ್ಲಿ ಹೋಗಿದ್ದು ನೆನಪಿದೆಯಾ?

ಮಗಳು: ಹಿನ್ನೀರು ಇಳಿದಿತ್ತು. ಕಾಡಿನ ಹಸಿರು, ಅದರ ಕೆಳಗೆ ಬರಿದಾದ ಕೆಂಪು ಮಣ್ಣಿನ ಪಟ್ಟಿ, ಅದರ ಕೆಳಗೆ ನೀರಿನ ನೀಲಿ.

ಚಿಕ್ಕಮ್ಮ: 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ನಿಂತ ಮೇಲೆ ಬಂದ ನೋಟ ಅದು. ಆ ಕೆಂಪು ಪಟ್ಟಿಯಲ್ಲಿ ಊರುಗಳಿದ್ದವು, ಗದ್ದೆಗಳಿದ್ದವು. ನೋಡುವವರಿಗೆ ಮೂರು ಬಣ್ಣದ ಚೆಲುವು. ಅಜ್ಜಿ ಮಾತ್ರ ಆ ಕೆಂಪನ್ನು ನೋಡಿ ಸುಮ್ಮನಾಗುತ್ತಿದ್ದಳು. ಒಂದು ಬಣ್ಣ ಯಾರಿಗೆ ಏನು ಅನ್ನುವುದನ್ನು ಕೋನ ಹೇಳಲಾರದು. ಬಣ್ಣ ಆರಿಸುವವಳು ನೀನು, ಇದನ್ನು ನೆನಪಿಟ್ಟುಕೋ.

ಮಗಳು: ಇಟ್ಟುಕೊಳ್ಳುತ್ತೇನೆ ಚಿಕ್ಕಮ್ಮ.

ಚಿಕ್ಕಮ್ಮ: ಇನ್ನೊಂದು. ನಿನ್ನ ಪರದೆಯಲ್ಲಿ ಐದೂ ಬಣ್ಣ ಒಂದೇ ಅಳತೆಯ ಚೌಕದಲ್ಲಿವೆ. ಬಟ್ಟೆಯಲ್ಲಿ ಹಾಗಿರುವುದಿಲ್ಲ. ದೀವರ ಮನೆಯ ಹಸೆ ಚಿತ್ತಾರ ನೋಡಿದ್ದೀಯಲ್ಲ?

ಮಗಳು: ಮದುವೆ ಮನೆಯ ಗೋಡೆಯ ಮೇಲೆ. ಕೆಮ್ಮಣ್ಣು ಬಳಿದ ಗೋಡೆ, ಅದರ ಮೇಲೆ ಬಿಳಿಯ ಗೆರೆಗಳು.

ಚಿಕ್ಕಮ್ಮ: ಅಕ್ಕಿ ಅರೆದ ಬಿಳಿ. ಹುರಿದು ಕಪ್ಪಾಗಿಸಿದ ಅಕ್ಕಿಯ ಕಪ್ಪು. ಗುರಿಗೆ ಕಾಯಿಯ ಹಳದಿ. ಪುಂಡಿನಾರಿನ ಕುಂಚ. ಇರುವುದೇ ನಾಲ್ಕು ಬಣ್ಣ, ನಾಲ್ಕೂ ಮನೆಯ ಸುತ್ತ ಸಿಗುವಂಥವು. ಅದರಲ್ಲಿ ಎಷ್ಟೆಷ್ಟು ಅನ್ನುವುದನ್ನು ನೋಡು. ಗೋಡೆ ತುಂಬ ಕೆಂಪು. ಬಿಳಿ ಗೆರೆಯಾಗಿ ಮಾತ್ರ. ಹಳದಿ ಅಲ್ಲೊಂದು ಇಲ್ಲೊಂದು ಚುಕ್ಕಿ. ಹಳದಿಯೂ ಕೆಂಪಿನಷ್ಟೇ ಇದ್ದಿದ್ದರೆ ಕಣ್ಣು ಎಲ್ಲಿ ನಿಲ್ಲಬೇಕು? ಭೂಮಿ ಹುಣ್ಣಿಮೆಗೆ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯನ್ನು ಗದ್ದೆಗೆ ಒಯ್ಯುತ್ತಾರಲ್ಲ, ಸುತ್ತ ಹಸಿರು ಪೈರು, ನಡುವೆ ಆ ಕೆಂಪು ಬುಟ್ಟಿ. ಅಲ್ಲಿ ಕೆಂಪೇ ಚುಕ್ಕಿ.

ಮಗಳು: ಬುಟ್ಟಿಯ ಮೇಲೆ ಹೆಚ್ಚಿದ್ದ ಕೆಂಪು, ಗದ್ದೆಯಲ್ಲಿ ಕಡಿಮೆಯಾಗಿ ಎದ್ದು ಕಾಣುತ್ತದೆ! ಹಾಗಾದರೆ ಚೌಕಗಳನ್ನು ಸಮ ಇಡುವುದಿಲ್ಲ. ಒಡಲಿಗೆ ಎಷ್ಟು, ಅಂಚಿಗೆ ಎಷ್ಟು, ಗೆರೆಗೆ ಎಷ್ಟು ಅಂತ ಅಗಲ ಬದಲಿಸಿಯೇ ನೋಡುತ್ತೇನೆ.

ಚಿಕ್ಕಮ್ಮ: ಕಣ್ಣು ಅರೆಮುಚ್ಚಿಯೂ ನೋಡು. ನಾವು ಲಡಿಗಳನ್ನು ತೂಗುಹಾಕಿ ಹಾಗೇ ನೋಡುತ್ತಿದ್ದೆವು. ಆಗಲೂ ಒಂದು ಇನ್ನೊಂದರಿಂದ ಬೇರೆ ಕಂಡರೆ ಸರಿ. ಎರಡು ಒಂದಾಗಿ ಹೋದರೆ, ತಿಳಿ ಗಾಢದ ಅಂತರ ಸಾಲದು ಅಂತ.

ಮಗಳು: ನಮ್ಮ ಮೇಷ್ಟ್ರು ಇದನ್ನೇ ಕಪ್ಪುಬಿಳುಪಿನಲ್ಲಿ ಮಾಡಿಸುತ್ತಾರೆ. ಕೆಂಪು ಹಸಿರಿನ ಭೇದ ಕಾಣದ ಕಣ್ಣಿನವರಿಗೂ ಬೆಳಕಿನ ಅಂತರ ಕಾಣುತ್ತದೆ. ಆದರೆ ಹಳೆಯ ಮಾದರಿಯ ಚಕ್ರಗಳಲ್ಲಿ ಒಂದು ಕುಂದು ಇದೆ. ಹಳದಿಗೂ ನೀಲಿಗೂ ಬೆಳಕು 50 ಅಂತ ಒಂದೇ ಅಂಕಿ ತೋರಿಸುತ್ತವೆ. ಕಣ್ಣಿಗೆ ಹಳದಿ ಎಷ್ಟು ತಿಳಿ, ನೀಲಿ ಎಷ್ಟು ಗಾಢ! ಕಣ್ಣು ಕಾಣುವ ಹಾಗೆಯೇ ಅಂಕಿಯೂ ಇರಬೇಕು ಅಂತ ಸ್ವೀಡನ್ನಿನ ಬ್ಯೋರ್ನ್ ಒಟ್ಟೊಸನ್ 2020ರಲ್ಲಿ ಓಕೆಲ್ಯಾಬ್ ಅನ್ನುವ ಹೊಸ ಅಳತೆ ರೂಪಿಸಿದರು. ಈಗಿನ ಹಲವು ಸಾಧನಗಳು ಅದನ್ನೇ ಬಳಸುತ್ತವೆ.

ಚಿಕ್ಕಮ್ಮ: ಯಂತ್ರವೂ ಕಣ್ಣಿಂದ ಕಲಿಯುತ್ತಿದೆ ಅಂದರೆ ಸಂತೋಷ. ನಾನೂ ಕೇಳುತ್ತೇನೆ, ನನಗೆ ನಿನ್ನ ಚಕ್ರದಿಂದ ಏನು ಉಪಯೋಗ?

ಮಗಳು: ನೆನಪು. ಹೋದ ವರ್ಷದ ಕಂದು ಹೇಗಿತ್ತು ಅಂತ ನಿನ್ನ ಕಣ್ಣಿಗೆ ಗೊತ್ತು, ಆದರೆ ಹೊಸದಾಗಿ ಬಂದ ಹುಡುಗಿಗೆ ಹೇಗೆ ಹೇಳುತ್ತೀ? ಒಂದೊಂದು ಲಡಿಯ ಬಣ್ಣವನ್ನೂ ಅಳೆದು, ಎಷ್ಟು ಚೊಗರು, ಎಷ್ಟು ಪಟಿಕ, ಎಷ್ಟು ಹೊತ್ತು ಅಂತ ಪಕ್ಕದಲ್ಲಿ ಬರೆದಿಟ್ಟರೆ ಅದು ಬಣ್ಣದ ಪಂಚಾಂಗ. ಇನ್ನೊಂದು ಉಪಯೋಗ, ಇಲ್ಲದ್ದನ್ನು ಕಾಣುವುದು. ನಿಮ್ಮ ಬಣ್ಣಗಳನ್ನೆಲ್ಲ ಚಕ್ರದ ಮೇಲೆ ಇಟ್ಟರೆ ಒಂದು ರಾಶಿ 10ರಿಂದ 50ರ ಒಳಗೆ, ಇನ್ನೊಂದು ನೀಲಿಯಲ್ಲಿ. ಹಸಿರಿನ ಜಾಗ ಹೆಚ್ಚುಕಡಿಮೆ ಖಾಲಿ.

ಚಿಕ್ಕಮ್ಮ: ಸುತ್ತ ಇಷ್ಟು ಹಸಿರಿಟ್ಟುಕೊಂಡು! ಸಸಿಮಡಿಯ ಹಸಿರು ಬೇರೆ, ಅಡಿಕೆ ಸೋಗೆಯ ಹಸಿರು ಬೇರೆ, ಕಲ್ಲಿನ ಮೇಲಿನ ಪಾಚಿಯದು ಬೇರೆ. ತೀರ್ಥಹಳ್ಳಿಯ ಕುಪ್ಪಳಿಯಲ್ಲಿ ಬೆಳೆದ ಕುವೆಂಪು ಒಂದು ಕವಿತೆಗೆ 'ಹಸುರು' ಅಂತಲೇ ಹೆಸರಿಟ್ಟರು. ಆದರೆ ಎಲೆಯ ಹಸಿರು ನೂಲಿಗೆ ನಿಲ್ಲುವುದಿಲ್ಲ ಮಗಳೇ, ಬಿಸಿಲಿಗೆ ಹೋಗಿಬಿಡುತ್ತದೆ. ಅದಕ್ಕೆ ಮೊದಲು ದಾಳಿಂಬೆ ಸಿಪ್ಪೆಯ ಹಳದಿ ಹಾಕಿ, ಅದರ ಮೇಲೆ ನೀಲಿ ಬಾನಿಗೆ ಅದ್ದಬೇಕು. ಬಾನಿಯಿಂದ ಎತ್ತಿದ ಗಳಿಗೆಯಲ್ಲಿ ನೂಲಿನ ಮೇಲೆ ನೀಲಿ ಕಾಣುವುದಿಲ್ಲ. ಗಾಳಿ ತಾಗಿದ ಹಾಗೆಲ್ಲ ಮೂಡುತ್ತದೆ. ಎರಡು ಕೆಲಸ, ಎರಡು ದಿನ. ಅದಕ್ಕೇ ಹಸಿರು ಕಡಿಮೆ.

ಮಗಳು: ಹಾಗಾದರೆ ಹಸಿರನ್ನು ಗೆರೆಯಷ್ಟೇ ಇಡೋಣ, ಚಿತ್ತಾರದ ಹಳದಿಯ ಹಾಗೆ. ಅದರಲ್ಲಿ ನೀಲಿಯೂ ಇದೆ, ದಾಳಿಂಬೆಯೂ ಇದೆ. ಅಂಚಿನ ನೀಲಿಗೂ ಅದಕ್ಕೂ ಒಂದೇ ಬಾನಿ. ಈಗ ಹೇಳುತ್ತೇನೆ ಕೇಳು. ಒಡಲಿಗೆ ಪಟಿಕದ ಚೊಗರು. ಅಂಚು ಸೆರಗಿಗೆ ನೀಲಿ. ಎರಡರ ನಡುವೆ ಅಳಲೆಕಾಯಿಯ ತಿಳಿ ಹಳದಿ, ಕಣ್ಣಿಗೆ ಒಂದಿಷ್ಟು ವಿರಾಮ. ಗೆರೆಗಳಿಗೆ ಅನ್ನಭೇದಿಯ ಕಪ್ಪು. ಸೆರಗಿನಲ್ಲಿ ಒಂದೇ ಒಂದು ಎಳೆ ಹಸಿರು. ಐದಾಯಿತು.

ಚಿಕ್ಕಮ್ಮ: ಇದನ್ನು ಚಕ್ರ ಕೊಟ್ಟಿತಾ?

ಮಗಳು: ಇಲ್ಲ. ಬಾನಿ ಕೊಟ್ಟಿತು. ಚಕ್ರ ಯಾಕೆ ಅಂತ ವಿವರಿಸಿತು. ನಾನು ಶುರು ಮಾಡುವ ಕಡೆ ತಪ್ಪಿತ್ತು. ಮೊದಲು ಇಲ್ಲಿ ಏನು ಬೆಳೆಯುತ್ತದೆ, ಯಾವುದು ನೂಲಿಗೆ ನಿಲ್ಲುತ್ತದೆ ಅಂತ ಕೇಳಬೇಕು. ಆಮೇಲೆ ಚಕ್ರ ತೆರೆಯಬೇಕು. ಕೊಡು ಆ ಲಡಿ, ಫೋಟೋ ತೆಗೆದು ಈಗಲೇ ಅಳೆದುಬಿಡುತ್ತೇನೆ.

ಚಿಕ್ಕಮ್ಮ: ಅದು ಈಗ ತಾನೇ ಹಿಂಡಿದ್ದು. ಹಸಿ ನೂಲು ಇರುವುದಕ್ಕಿಂತ ಗಾಢವಾಗಿ ಕಾಣುತ್ತದೆ. ಟ್ಯೂಬ್‌ಲೈಟಿನ ಕೆಳಗೆ ನೋಡಿ ಕೊಂಡ ಸೀರೆ ಅಂಗಳಕ್ಕೆ ಬಂದರೆ ಬೇರೆಯಾಗುವುದಿಲ್ಲವಾ, ಹಾಗೆ. ನೆರಳಲ್ಲಿ ಹರವಿ ಬಾ. ನಾಳೆ ಬೆಳಿಗ್ಗೆ ಹತ್ತು ಗಂಟೆಯ ಬೆಳಕಿಗೆ, ಈ ಜಗುಲಿಯಲ್ಲೇ, ಇಬ್ಬರೂ ಕೂತು ಅಳೆಯೋಣ. ಅಂಕಿ ನೀನು ಬರಿ, ಹೆಸರು ನಾನು ಹೇಳುತ್ತೇನೆ.